ಅಮ್ಮನ ಬರಿ, ಅಪ್ಪನ ಸರ್‌ನೇಮು

ನಾಗರಪಂಚಮಿಯ ಬೆಳಿಗ್ಗೆ, ಬಂಟ್ವಾಳ ತಾಲ್ಲೂಕಿನ ಒಂದು ಕುಟುಂಬದ ನಾಗಬನ. ರಾತ್ರಿಯಿಡೀ ಹೊಯ್ದ ಮಳೆ ನಿಂತಿತ್ತು, ಮರದಿಂದ ಮಾತ್ರ ಹನಿ ಉದುರುತ್ತಲೇ ಇತ್ತು. ಭಟ್ರು ಕಲ್ಲುಗಳಿಗೆ ಅರಸಿನ ಹಚ್ಚಿ, ಹಿಂಗಾರ ಇಟ್ಟು, ಒಬ್ಬೊಬ್ಬರು ತಂದ ಸೀಯಾಳ, ಹಾಲು ತೆಗೆದುಕೊಂಡು ತನು ಎರೆಯುತ್ತಿದ್ದರು. ಮುಂಬಯಿಯಿಂದ ಮೊದಲ ಸಲ ಬಂದಿದ್ದ, ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಚಪ್ಪಲಿಯನ್ನು ಎಲ್ಲಿ ಬಿಡುವುದೆಂದು ತಿಳಿಯದೆ ದಣಪೆಯ ಹತ್ತಿರವೇ ನಿಂತಿದ್ದ. ಕುಟುಂಬದ ಹಿರಿಯ ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ ತುಳುವಿನಲ್ಲಿ ಕೇಳಿದರು: “ನಿನ್ನ ಬರಿ ಒವು ಮಗಾ?”

“ಸಾಲಿಯಾನ್” ಎಂದ ಹುಡುಗ. ಆಧಾರ್ ಕಾರ್ಡಿನಲ್ಲಿ, ಕಾಲೇಜಿನ ಐಡಿಯಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇರುವುದು ಅದೇ.

“ಅವು ಅಮ್ಮೆರ್ನವು. ನಿನ್ನವು ಒವು?” ಅದು ನಿನ್ನ ತಂದೆಯದ್ದು, ನಿನ್ನದು ಯಾವುದು?

ಹುಡುಗ ತಾಯಿಯ ಮುಖ ನೋಡಿದ. “ಬಂಗೇರ” ಎಂದರು ತಾಯಿ. ಅಜ್ಜಿಯ ಮುಖ ಅರಳಿತು. ಕೈ ಹಿಡಿದು ಅವನನ್ನು ಒಳಗೆ ಕರೆದುಕೊಂಡು ಹೋದರು.

ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಘಟ್ಟದ ಮೇಲಿನವರು ಇದನ್ನು ಕೇಳಿ ಮೊದಲು ಗಲಿಬಿಲಿಗೊಳ್ಳುತ್ತಾರೆ. ಆದರೆ ಬನದ ದಣಪೆಯಲ್ಲಿ ಆ ಹುಡುಗನಿಗೆ ಆದ ಗಲಿಬಿಲಿ ಶಬ್ದದ್ದಲ್ಲ. ಇಪ್ಪತ್ತು ವರ್ಷ ತನ್ನದೆಂದುಕೊಂಡಿದ್ದ ಹೆಸರು ಬನದಲ್ಲಿ ತನ್ನದಲ್ಲ ಎಂದು ಅವನಿಗೆ ಆ ಹೊತ್ತಿಗೆ ಗೊತ್ತಾಯಿತು.

ಬರಿ, ಕನ್ನಡದಲ್ಲಿ ಬಳಿ, ತಾಯಿಯಿಂದ ಬರುವ ಕುಲ. ಬಂಗೇರ, ಕುಂದರ್, ಅಮೀನ್, ಕೋಟ್ಯಾನ್, ಕರ್ಕೇರ, ಸುವರ್ಣ, ಇವೆಲ್ಲ ಬರಿಯ ಹೆಸರುಗಳು. ಬಿಲ್ಲವರಲ್ಲೂ ಬಂಗೇರ ಇದೆ, ಮೊಗವೀರರಲ್ಲೂ ಇದೆ. ಒಂದೇ ಬರಿಯ ಹುಡುಗ ಹುಡುಗಿ ಅಣ್ಣ ತಂಗಿಯ ಲೆಕ್ಕ, ಮದುವೆ ಇಲ್ಲ. ಸೋದರಮಾವನ ಮಗಳು ಮಾತ್ರ ಬೇರೆ ಬರಿ, ಯಾಕೆಂದರೆ ಅವಳು ಅತ್ತೆಯ ಕಡೆಯವಳು. ಈ ಲೆಕ್ಕವನ್ನು ಅಕ್ಷರ ಬಾರದ ಅಜ್ಜಿಯರು ನಾಲ್ಕೈದು ತಲೆಮಾರಿನವರೆಗೆ ಬಾಯಲ್ಲಿ ಇಟ್ಟುಕೊಂಡಿದ್ದರು.

ಈಗ ಆದದ್ದು ಏನೆಂದರೆ, ಆ ತಾಯಿಯ ಕಡೆಯ ಹೆಸರು ಶಾಲೆಯ ರಿಜಿಸ್ಟರಿನಲ್ಲಿ, ಮುಂಬಯಿಯ ಕಂಪೆನಿಗಳಲ್ಲಿ, ಪಾಸ್‌ಪೋರ್ಟಿನಲ್ಲಿ ‘ಸರ್‌ನೇಮು’ ಆಯಿತು. ಸರ್‌ನೇಮು ಅಂದಮೇಲೆ ಅಪ್ಪನಿಂದ ಮಗುವಿಗೆ. ಸಾಲಿಯಾನ್ ಬರಿಯ ಗಂಡಸಿನ ಮಗು ಕಾಗದದಲ್ಲಿ ಸಾಲಿಯಾನ್, ಬನದಲ್ಲಿ ಬಂಗೇರ. ಜೀವಕೋಶದ ಭಾಷೆಯಲ್ಲಿ ಹೇಳುವುದಾದರೆ ಹೆಸರು ಒಂದು ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿಯಿತು. ನಮ್ಮ ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ 16,569 ಅಕ್ಷರಗಳ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಗಂಡಿನ ವೈ ವರ್ಣತಂತು ತಂದೆಯಿಂದ ಮಾತ್ರ. ತಲತಲಾಂತರದಿಂದ ಮೈಟೊಕಾಂಡ್ರಿಯದ ಜೊತೆ ನಡೆದು ಬಂದ ಬರಿಯ ಹೆಸರು ಎರಡು ಮೂರು ತಲೆಮಾರಿನೊಳಗೆ ವೈ ವರ್ಣತಂತಿನ ಬೆನ್ನು ಹತ್ತಿದೆ. ಯಾರೂ ಕೂತು ತೀರ್ಮಾನಿಸಿದ್ದಲ್ಲ ಇದು, ಅರ್ಜಿ ಫಾರಮಿನ ಒಂದು ಕಾಲಮ್ಮು ಮಾಡಿದ ಕೆಲಸ.

ಹುಟ್ಟು ಎಂಬುದು ಒಂದು ಊರಿನಲ್ಲಿ ಹೇಗೆ ಗುರುತಾಗುತ್ತದೆ, ಹೇಗೆ ಗುಟ್ಟಾಗುತ್ತದೆ, ಹೇಗೆ ಬೇಡಿಯಾಗುತ್ತದೆ ಎಂದು ನೋಡಲು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಡುವಿನ ಈ ಸೀಮೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಈ ಸೀಮೆಯ ವೇಣೂರಿಗೆ ಹೋದವರೆಲ್ಲ ಗೊಮ್ಮಟನ ಮುಖ ನೋಡುತ್ತಾರೆ, ಪಕ್ಕದ ಶಾಸನವನ್ನು ಯಾರೂ ನೋಡುವುದಿಲ್ಲ. ಫಲ್ಗುಣಿ ನದಿಯ ದಂಡೆಯ ಮೇಲೆ ಆ ಮೂರ್ತಿಯನ್ನು 1604ರಲ್ಲಿ ನಿಲ್ಲಿಸಿದವನು ಅಜಿಲ ಅರಸ ತಿಮ್ಮರಾಜ. ಅವನು ಯಾರು ಎಂದು ಶಾಸನ ಹೇಳುವ ರೀತಿ ಇದು: ರಾಯಕುವರನ ಅಳಿಯ, ರಾಣಿ ಪಾಂಡ್ಯಕದೇವಿಯ ಮಗ, ಪಾಂಡ್ಯನ ತಮ್ಮ. ಅಪ್ಪನ ಹೆಸರಿಲ್ಲ. ಮರೆತದ್ದಲ್ಲ, ಮುಚ್ಚಿಟ್ಟದ್ದೂ ಅಲ್ಲ. ಅರಸನಾಗಲು ಅದು ಬೇಕಿರಲಿಲ್ಲ, ಅಷ್ಟೇ. ಮೂಡುಬಿದಿರೆಯ ಚೌಟರದ್ದೂ ಇದೇ ಕ್ರಮ. ಉಳ್ಳಾಲದ ರಾಣಿ ಅಬ್ಬಕ್ಕ ಆ ಮನೆತನದವಳೇ.

ಈ ಕ್ರಮಕ್ಕೆ ಹೆಸರು ಅಳಿಯಸಂತಾನ ಕಟ್ಟು. ಅದರ ಮೂಲವೆಂದು ಹೇಳುವ ಭೂತಾಳ ಪಾಂಡ್ಯನ ಕತೆ ಎಲ್ಲರಿಗೂ ಗೊತ್ತು. ಹಡಗು ನೀರಿಗಿಳಿಯಲು ಕುಂಡೋದರ ಭೂತ ನರಬಲಿ ಕೇಳಿತು, ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಟ್ಟಳು, ಭೂತ ಅವನನ್ನು ಉಳಿಸಿ ಅರಸನಾಗಿ ಮಾಡಿತು, ಅಂದಿನಿಂದ ಆಸ್ತಿ ಅಳಿಯನಿಗೆ. ಭೂತಾಳ ಪಾಂಡ್ಯನ ಹೆಸರಿನ ಕಟ್ಟಳೆಯ ಪುಸ್ತಕ ಹಳೆಯದೇ ಅಲ್ಲ, ಈಚಿನ ಕಾಲದ ಕಟ್ಟುಕತೆ ಎಂದು 19ನೆಯ ಶತಮಾನದಲ್ಲೇ ವಾದವಾಗಿತ್ತು. ಪುಸ್ತಕ ಸುಳ್ಳಿರಬಹುದು, ಬಾಳುವೆ ನಿಜವಾಗಿತ್ತು. ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು ಸೇರಿ ಒಂದು ಕವರು. ಹಲವು ಕವರು ಸೇರಿ ಕುಟುಂಬ. ಯಜಮಾನಿಕೆ ಹಿರಿಯ ಸೋದರಮಾವನದ್ದು, ಕೆಲವು ಮನೆಗಳಲ್ಲಿ ಯಜಮಾನ್ತಿಯದ್ದು. ಗಂಡ ಬಿಟ್ಟವಳ ಮಗು, ವಿಧವೆ ಮರುಕೂಡಿಕೆಯಾಗಿ ಹೆತ್ತ ಮಗು, ಎಲ್ಲವೂ ಒಂದೇ ಚಾವಡಿಯಲ್ಲಿ ಸಾಲಾಗಿ ಊಟಕ್ಕೆ ಕೂತವು. ಅಪ್ಪ ಯಾರು ಎಂಬ ಪ್ರಶ್ನೆಗೆ ಉತ್ತರ ಇತ್ತು, ಆದರೆ ಆ ಉತ್ತರದ ಮೇಲೆ ಮಗುವಿನ ಅನ್ನ ನಿಂತಿರಲಿಲ್ಲ.

ಇದನ್ನು ಹೇಳುವಾಗ ಎದೆಯುಬ್ಬುವುದು ಸಹಜ, ಆದರೂ ಅಲ್ಲಿಗೇ ನಿಲ್ಲಬಾರದು. ಜಾತಿಯಿಂದ ಕೆಳಗಿನವನ ಜೊತೆ ಹೋದ ಹೆಣ್ಣಿಗೆ ಆ ಚಾವಡಿ ಬಾಗಿಲು ಹಾಕುತ್ತಿತ್ತು. ಗಂಡ ಸತ್ತ ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಜಾಗವಿರಲಿಲ್ಲ. ಬೊಜ್ಜ ಮುಗಿಸಿ ಅವರು ತಾಯಿಮನೆಗೆ ಹೊರಡಬೇಕು. ಹೀಗಾಗಿ ಆ ಕಾಲದ ಕುಟುಂಬದ ಗುಟ್ಟೇ ಬೇರೆ ಬಗೆಯದ್ದು. ಕಳ್ಳ ಹುಟ್ಟು ಗುಟ್ಟಲ್ಲ, ತಂದೆಯ ಅಕ್ಕರೆ ಗುಟ್ಟು. ಸಾಲೆತ್ತೂರು, ವಿಟ್ಲ ಕಡೆಯ ಹಿರಿಯರು ಹೇಳುತ್ತಿದ್ದ ಮಾತು ಇದು. ಯಜಮಾನನಾದವನು ಹಗಲು ಅಳಿಯಂದಿರ ಗದ್ದೆ ನೋಡಿಕೊಂಡು, ಕತ್ತಲಾದ ಮೇಲೆ ಹೆಂಡತಿಯ ಮನೆಗೆ ಅಕ್ಕಿ ಮುಡಿ ಹೊರಿಸುತ್ತಿದ್ದ. ಹೆಂಡತಿಯ ಹೆಸರಿನಲ್ಲಿ ಸದ್ದಿಲ್ಲದೆ ಒಂದೆರಡು ಎಕರೆ ಕೊಂಡಿಡುತ್ತಿದ್ದ. ಅವನು ಕಣ್ಣು ಮುಚ್ಚಿದ ಮೇಲೆ ದಸ್ತಾವೇಜು ಹೊರಗೆ ಬಂದು ಕೋರ್ಟು ಕಚೇರಿ. ತನ್ನ ಸ್ವಂತ ಮಕ್ಕಳನ್ನು ಪ್ರೀತಿಸಿದ್ದಕ್ಕೆ ಕಳ್ಳನಾಗಬೇಕಾದ ತಂದೆಯನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಅಂದಿನ ಮದ್ರಾಸು ಹೈಕೋರ್ಟಿನ ಬ್ರಿಟಿಷ್ ನ್ಯಾಯಾಧೀಶರಿಗಂತೂ ಇದು ಮದುವೆಯೇ ಅಲ್ಲ ಅನ್ನಿಸಿತು. ಹೆಣ್ಣು ಬೇಡವೆಂದರೆ ಬಿಡಿಸಿಕೊಂಡು ಹೋಗಬಹುದಾದದ್ದು ಎಂಥ ಮದುವೆ ಎಂಬುದು ಅವರ ತರ್ಕ. ನೂರಾರು ವರ್ಷ ಬಾಳಿದ ಮನೆಗಳ ಹೆಂಡಂದಿರು ಕಾನೂನಿನ ಕಣ್ಣಲ್ಲಿ ಹೆಂಡತಿಯರಲ್ಲದೆ ಹೋದರು. 1949ರ ಮದ್ರಾಸು ಅಳಿಯಸಂತಾನ ಕಾಯ್ದೆ ಬಂದು ಮದುವೆಗೆ ಮಾನ್ಯತೆ ಸಿಕ್ಕಿತು, ಪಾಲು ಕೇಳುವ ಹಕ್ಕೂ ಸಿಕ್ಕಿತು. ಜೊತೆಗೆ ಒಂದು ಕ್ರೂರ ಶಬ್ದವೂ ಬಂತು: ನಿಸ್ಸಂತತಿ ಕವರು. ವಂಶ ಮುಂದುವರಿಸುವ ಹೆಣ್ಣು ಇಲ್ಲದ ಕವಲು. ಅವರಿಗೆ ಬದುಕಿರುವವರೆಗೆ ಮಾತ್ರ ಆಸ್ತಿ. ಗಂಡಸೊಬ್ಬನಿಗೆ ಮನೆ ತುಂಬ ಮಕ್ಕಳಿದ್ದರೂ ಅವನು ನಿಸ್ಸಂತತಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಅದರ ಮೇಲೆ 1979ರಲ್ಲಿ ‘ಸುಂದರಿ ವಿರುದ್ಧ ಲಕ್ಷ್ಮಿ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಸೇರಿ ಆ ಗಂಟನ್ನು ಬಿಡಿಸಿದವು. ಆಸ್ತಿ ಈಗ ಹೆಂಡತಿ ಮಕ್ಕಳಿಗೆ ಹೋಗುತ್ತದೆ. ಬನ, ದೈವದ ಚಾವಡಿ, ಗುತ್ತಿನ ಗಡಿ ಮಾತ್ರ ತಾಯಿಯ ಕಡೆಯಲ್ಲೇ ಉಳಿದಿವೆ.

ಹುಟ್ಟಿನ ಗುಟ್ಟನ್ನು ಈ ಸೀಮೆ ಹಾಡಿನಲ್ಲೂ ಇಟ್ಟುಕೊಂಡಿದೆ. ಕೋಟಿ ಚೆನ್ನಯರ ಪಾಡ್ದನದಲ್ಲಿ ಅವರ ತಾಯಿ ದೇಯಿ ಬ್ರಾಹ್ಮಣರ ಮನೆಯ ಕೂಸು. ಮದುವೆಗೆ ಮೊದಲೇ ದೊಡ್ಡವಳಾದಳೆಂದು ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟದ್ದು. ಸಾಯನ ಬೈದ್ಯ ಕರೆತಂದು ಸಾಕಿದ. ಇಂದು ಗರಡಿ ಗರಡಿಗಳಲ್ಲಿ ಕೈಮುಗಿಯುವ ವೀರರ ಮೂಲ ಒಂದು ಮನೆ ತಳ್ಳಿದ, ಇನ್ನೊಂದು ಮನೆ ಎತ್ತಿಕೊಂಡ ಮಗಳು.

ಸಿರಿಯದ್ದು ಇನ್ನೂ ಆಳವಾದ ಕತೆ. ಬೆಳ್ತಂಗಡಿ ತಾಲ್ಲೂಕಿನ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು 1990ರಲ್ಲಿ ಫಿನ್‌ಲೆಂಡಿನ ಲೌರಿ ಹೋಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರೊಂದಿಗೆ ಧ್ವನಿಮುದ್ರಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು. ಸಿರಿ ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ದೇವರ ಪ್ರಸಾದದ ಹಿಂಗಾರದಿಂದ ಬಂದವಳು. ಅಜ್ಜ ತೀರಿದ ಮೇಲೆ ಸತ್ಯನಾಪುರದ ಅರಮನೆ ತನ್ನದೆಂದು ದಾಯಾದಿ ಬಂದು ಕೂರುತ್ತಾನೆ, ಲಂಚ ತಿಂದ ಪಂಚಾಯತಿಕೆ ಅವನ ಕಡೆ ಹೇಳುತ್ತದೆ. ಸಿರಿ ತೊಟ್ಟಿಲ ಮಗುವನ್ನು ಕರೆದುಕೊಂಡು ಹೊರಡುತ್ತಾಳೆ. ಗಂಡನಿಗೆ ‘ಬರ’ ಹೇಳಿ ಮದುವೆ ಮುರಿಯುವವಳೂ ಅವಳೇ.

ಸಿರಿ ಜಾತ್ರೆಯ ರಾತ್ರಿ ನೋಡಿದವರಿಗೆ ಗೊತ್ತು. ಹಿಂಗಾರ ಹಿಡಿದ ನೂರಾರು ಹೆಂಗಸರು ಆವೇಶದಲ್ಲಿ ತೂಗುತ್ತಿರುತ್ತಾರೆ. ಸಿರಿಯ ಮಗ ಕುಮಾರನ ಪಾತ್ರಿ ಹೊಸದಾಗಿ ಬಂದವಳ ಎದುರು ನಿಂತು ಕೇಳುವುದು ಒಂದೇ ಮಾತು: ನೀನು ಯಾರು? ಹೆಸರು ಹೇಳು. ಅವಳು ಅಳುತ್ತಾಳೆ, ಹಲ್ಲು ಕಚ್ಚುತ್ತಾಳೆ, ಕೆಲವೊಮ್ಮೆ ಬೆಳಗಿನವರೆಗೂ ಹೇಳುವುದಿಲ್ಲ. ಕೊನೆಗೆ “ಸೊನ್ನೆ” ಎಂದೋ “ಅಬ್ಬಗ” ಎಂದೋ ಸಿರಿಯ ಸಂತತಿಯ ಹೆಸರು ಹೇಳಿ ಬಾಯಿ ಬಿಡುತ್ತಾಳೆ. ಆಮೇಲೆ ಗಂಡನ ಮನೆಯಲ್ಲಿ ನುಂಗಿಕೊಂಡದ್ದು, ತಾಯಿಮನೆಯವರು ಮುಚ್ಚಿಟ್ಟದ್ದು ಎಲ್ಲ ಹೊರಗೆ. ಮನೆಯವರು ಸುತ್ತ ನಿಂತು ಕೇಳಬೇಕು. ಅಷ್ಟಮಂಗಲ ಪ್ರಶ್ನೆಯಲ್ಲೂ ಹೀಗೆಯೇ. ಮಕ್ಕಳಾಗುತ್ತಿಲ್ಲ, ಜಾಗ ಉಳಿಯುತ್ತಿಲ್ಲ ಎಂದು ಇಟ್ಟ ಪ್ರಶ್ನೆಯಲ್ಲಿ “ನಿಮ್ಮ ಕುಟುಂಬದಲ್ಲಿ ಒಂದು ಹೆಣ್ಣು ಕಣ್ಣೀರು ಹಾಕಿ ಹೋಗಿದೆ” ಎಂಬ ಮಾತು ಬಂದಾಗ, ಮೂಲೆಯಲ್ಲಿ ಕೂತ ಹಿರಿಯರೊಬ್ಬರು ತಲೆ ತಗ್ಗಿಸುವುದನ್ನು ನಾನು ನೋಡಿದ್ದೇನೆ. ಜೋಯಿಸರ ಕವಡೆಗೆ ಗೊತ್ತಿತ್ತೋ ಇಲ್ಲವೋ, ಆ ಹಿರಿಯರಿಗೆ ಗೊತ್ತಿತ್ತು. ಗುಟ್ಟು ಬಿಚ್ಚಲು ಊರು ಒಂದು ಜಾಗ, ಒಂದು ಹೊತ್ತು, ಜೊತೆಗೆ ನಿಲ್ಲುವ ಜನ ಇಟ್ಟುಕೊಂಡಿತ್ತು. ಡಿಎನ್‌ಎ ಲ್ಯಾಬಿನ ಲಕೋಟೆಗೆ ಅದು ಯಾವುದೂ ಇಲ್ಲ.

ಇನ್ನು ಬೇಡಿಯ ಮಾತು. 1997ರ ‘ಗಟಾಕಾ’ ಎಂಬ ಹಾಲಿವುಡ್ ಚಿತ್ರದಲ್ಲಿ ಹುಟ್ಟಿದ ಕೂಡಲೇ ತೆಗೆದ ಒಂದು ಹನಿ ರಕ್ತ ಮಗು ಮುಂದೆ ಏನು ಆಗಬಹುದು, ಏನು ಆಗಬಾರದು ಎಂದು ತೀರ್ಮಾನಿಸಿಬಿಡುತ್ತದೆ. ಅಂಥ ಕೇಡಿನ ನಾಳೆ ಬಾರದಿರಲಿ ಎಂದು ಜಗತ್ತು ಹೆದರುತ್ತದೆ. ಈ ಸೀಮೆಯ ಆದಿವಾಸಿಗಳಾದ ಕೊರಗರಿಗೆ ಅದು ನಾಳೆಯಲ್ಲ. ತಲೆಮಾರುಗಳಿಂದ ಅವರು ಅದರೊಳಗೇ ಹುಟ್ಟಿದ್ದಾರೆ, ರಕ್ತ ಪರೀಕ್ಷೆ ಇಲ್ಲದೆಯೇ.

ಅಂಡೆ ಕೊರಗರು ಎಂಬ ಪಂಗಡಕ್ಕೆ ಆ ಹೆಸರು ಬಂದದ್ದು ಕುತ್ತಿಗೆಗೆ ಕಟ್ಟಿದ ಅಂಡೆಯಿಂದ. ಅವರ ಉಗುಳು ನೆಲಕ್ಕೆ ಬೀಳಬಾರದು ಎಂದು ಕಟ್ಟಿಸಿದ್ದು ಅದು. ಅಜಲು ಎಂಬ ಚಾಕರಿ ಅದಕ್ಕಿಂತ ಘೋರ. ಬಸುರಿಯ ಸೀಮಂತ, ಮಗುವಿನ ಕಾಯಿಲೆ, ಮನೆಗೆ ತಟ್ಟಿದ ಅಶುಭ ಏನೇ ಇರಲಿ, ಉಗುರು ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ನಮ್ಮ ಮನೆಯ ಕೇಡು ಅವರ ಮೈಗೆ ಹೋಗಲಿ ಎಂದು. ನಮ್ಮ ಗುತ್ತು ಬರ್ಕೆಗಳ ನಿಜವಾದ ಕುಟುಂಬದ ಗುಟ್ಟು ಇದು ಎಂದು ನಾನು ನಂಬಿದ್ದೇನೆ. ಈ ಬಗ್ಗೆ ಯಾವ ಪ್ರಶ್ನೆಯಲ್ಲೂ ಯಾವ ಹಿರಿಯರೂ ತಲೆ ತಗ್ಗಿಸಿದ್ದು ನನಗೆ ಕಂಡಿಲ್ಲ. ಇದನ್ನು ಅಪರಾಧವೆಂದು ಹೇಳಲು 2000ದ ಇಸವಿಯವರೆಗೆ ಕಾಯಬೇಕಾಯಿತು. ಆ ವರ್ಷದ ಅಜಲು ನಿಷೇಧ ಕಾಯ್ದೆ ಏನೇನು ಮಾಡಬಾರದು ಎಂದು ಪಟ್ಟಿ ಮಾಡುವಾಗ, ಕಂಬಳಕ್ಕೆ ಮುನ್ನ ಕೊರಗರನ್ನು ಕೋಣಗಳಂತೆ ಓಡಿಸುವುದನ್ನೂ ಬರೆಯಬೇಕಾಯಿತು. ಸರ್ಕಾರದ ಕಾಯ್ದೆಯೊಂದು ಅಂಥ ವಾಕ್ಯ ಬರೆಯಬೇಕಾದರೆ ಗದ್ದೆಯಲ್ಲಿ ಏನೇನು ನಡೆದಿರಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗರು 15,000ಕ್ಕೂ ಕಡಿಮೆ. ಅದರ ಹಿಂದಿನ ಗಣತಿಗಿಂತ ಆ ಸಂಖ್ಯೆ ಇಳಿದಿತ್ತು.

2024ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಮೊಹಮ್ಮದ್ ಮುಸ್ತಾಕ್, ಭಾಷಾವಿಜ್ಞಾನಿ ಜಾರ್ಜ್ ವಾನ್ ಡ್ರೀಮ್ ಮತ್ತಿತರರು ಕೊರಗರ ಜೀನೋಮ್ ಅಧ್ಯಯನವನ್ನು ಹೊರತಂದರು. ಸುಮಾರು 4,400 ವರ್ಷ ಹಳೆಯ, ಮೂಲ ದ್ರಾವಿಡ ಭಾಷೆಯ ಕಾಲಕ್ಕೆ ಹೊಂದುವ ಒಂದು ಪೂರ್ವಜ ಅಂಶ ಅವರಲ್ಲಿ ಉಳಿದಿದೆ ಎಂಬುದು ಅದರ ಹುರುಳು. ಸುದ್ದಿ ಓದಿ ಊರಿನಲ್ಲಿ ಹಲವರು ಸಂತೋಷಪಟ್ಟರು. ನನಗೂ ಸಂತೋಷವೇ. ಆದರೆ ಹಳೆಯ ರಕ್ತ ಎಂಬ ಕಾರಣಕ್ಕೆ ಯಾರಿಗಾದರೂ ಗೌರವ ಸಿಗುವುದಾದರೆ, ಕೀಳು ರಕ್ತ ಎಂದು ಅಂಡೆ ಕಟ್ಟಿದವರ ಲೆಕ್ಕವನ್ನೇ ನಾವು ತಿರುಗಿಸಿ ಹಿಡಿದಂತಾಯಿತು. ಅವರಿಗೆ ಬೇಕಾದದ್ದು ಜಮೀನು, ಆಸ್ಪತ್ರೆ, ಕೆಲಸ. 4,400 ವರ್ಷಕ್ಕೆ ಆರ್‌ಟಿಸಿಯಲ್ಲಿ ಕಾಲಮ್ಮಿಲ್ಲ.

ಡಿಎನ್‌ಎ ಎಂಬ ಶಬ್ದ ನಮ್ಮ ಮನೆಮನೆಗೆ ಬಂದದ್ದು 2010ರ ಮೇ 22ರ ಬೆಳಿಗ್ಗೆ. ದುಬೈಯಿಂದ ಬಂದ ವಿಮಾನ ಬಜಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ಸುಟ್ಟು ಕರಕಲಾದ ದೇಹಗಳನ್ನು ಗುರುತಿಸಲು ಹೈದರಾಬಾದಿನ ಸಿಡಿಎಫ್‌ಡಿ ವಿಜ್ಞಾನಿಗಳು ಬಂಧುಗಳ ರಕ್ತ ತೆಗೆದುಕೊಂಡರು. ಅಲ್ಲಿ ಸಾಲಾಗಿ ತೋಳು ಚಾಚಿ ಕೂತವರಿಗೆ ಬೇಕಿದ್ದದ್ದು ತೀರ್ಪಲ್ಲ, ಮಣ್ಣು ಮಾಡಲು ಒಂದು ದೇಹ. ಕೊನೆಗೂ ಯಾರಿಗೂ ಹೊಂದದ 12 ದೇಹಗಳು ಉಳಿದವು. ಕೂಳೂರಿನ ಹತ್ತಿರ, ಫಲ್ಗುಣಿಯ ದಂಡೆಯಲ್ಲಿ ಅವರನ್ನು ಒಟ್ಟಿಗೆ ಮಣ್ಣು ಮಾಡಿದರು. ವೇಣೂರಿನ ಶಾಸನದ ಪಕ್ಕ ಹರಿಯುವ ನದಿಯೇ ಅದು.

ಆ ಪರೀಕ್ಷೆಯೇ ಇಂದು ಗಂಡ ಹೆಂಡಿರ ವ್ಯಾಜ್ಯದಲ್ಲಿ ಕತ್ತಿಯಾಗಿದೆ. ಮಗು ನನ್ನದಲ್ಲ, ಪರೀಕ್ಷೆ ಮಾಡಿಸಿ. 1872ರ ಸಾಕ್ಷ್ಯ ಕಾಯ್ದೆ ಮದುವೆಯೊಳಗೆ ಹುಟ್ಟಿದ ಮಗು ಗಂಡನದ್ದೇ ಎಂದು ಭಾವಿಸಬೇಕು ಎಂದಿತ್ತು. 2023ರ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಕಾನೂನು ಕುರುಡಾಗಿ ಅಲ್ಲ, ಮಗುವಿನ ಮೇಲಿನ ಕರುಣೆಯಿಂದ ಹಾಗೆ ಬರೆದದ್ದು. 2023ರ ಫೆಬ್ರುವರಿಯಲ್ಲಿ ಅಪರ್ಣಾ ಫಿರೋಡಿಯಾ ಪ್ರಕರಣದಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ, ದಂಪತಿಗಳ ಜಗಳಕ್ಕೆ ಮಗುವನ್ನು ಸಾಕ್ಷಿಯ ವಸ್ತು ಮಾಡಬಾರದು ಎಂದು ಡಿಎನ್‌ಎ ಪರೀಕ್ಷೆಯನ್ನು ನಿರಾಕರಿಸಿತು. 2015ರಲ್ಲಿ ಅದೇ ಕೋರ್ಟು, ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಿಯಾಗಬಹುದು ಎಂದಿತ್ತು. ದಿಲ್ಲಿಯಲ್ಲಿ ಅದು ಹೊಸ ತೀರ್ಪು. ವೇಣೂರಿನಲ್ಲಿ ಕಲ್ಲಿನ ಮೇಲೆ ಬರೆದು 400 ವರ್ಷ ದಾಟಿತ್ತು.

ಕೋರ್ಟಿನ ಹೊರಗೆ ಮಾತ್ರ ಅಂಥ ತಡೆಯಿಲ್ಲ. ಡಿಎನ್‌ಎ ಮಾಹಿತಿಗೆ ಕಟ್ಟುಪಾಡು ಹಾಕಲೆಂದು 2019ರಲ್ಲಿ ಲೋಕಸಭೆಗೆ ಬಂದ ಮಸೂದೆಯನ್ನು 2023ರಲ್ಲಿ ಹಿಂತೆಗೆದುಕೊಂಡರು. ಅಮೆರಿಕದಲ್ಲಿರುವ ನಮ್ಮ ಮಕ್ಕಳು ಹಬ್ಬದ ಉಡುಗೊರೆಯಾಗಿ ಎಂಜಲು ಪರೀಕ್ಷೆಯ ಕಿಟ್ ಕೊಡುತ್ತಾರೆ. ಅಂಥ ದೊಡ್ಡ ಕಂಪೆನಿಗಳಲ್ಲಿ ಒಂದಾದ 23ಆಂಡ್‌ಮಿಯಿಂದ 2023ರಲ್ಲಿ 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚಿನಲ್ಲಿ ಕಂಪೆನಿಯೇ ದಿವಾಳಿ ಅರ್ಜಿ ಹಾಕಿತು. ಒಬ್ಬ ಮೊಮ್ಮಗ ಉಗುಳಿದ ಎಂಜಲಿನಲ್ಲಿ ಅಜ್ಜಿಯ ಗುಟ್ಟೂ ಇರುತ್ತದೆ, ಇನ್ನೂ ಹುಟ್ಟದ ಮಗುವಿನದ್ದೂ. ಅಜ್ಜಿಯ ಒಪ್ಪಿಗೆ ಕೇಳಿದವರು ಯಾರು?

ಬನದಲ್ಲಿ ತಂಬಿಲ ಮುಗಿದ ಮೇಲೆ ಚಾವಡಿಯಲ್ಲಿ ಅರಸಿನ ಎಲೆಯ ಗಟ್ಟಿ ಬಡಿಸಿದರು. ಮುಂಬಯಿಯ ಹುಡುಗ ಅಜ್ಜಿಯ ಪಕ್ಕದಲ್ಲೇ ಕೂತಿದ್ದ. ಅವನಿಗೆ ಈಗ ಹುರುಪು ಬಂದಿತ್ತು. ತನ್ನ ದೊಡ್ಡಮ್ಮನ ಮಗ ನ್ಯೂಜೆರ್ಸಿಯಿಂದ ಕಿಟ್ ತರುವವನಿದ್ದಾನೆ, ತಾಯಿಯ ಕಡೆಯ ಡಿಎನ್‌ಎ ನೋಡಿದರೆ ಬಂಗೇರ ಬರಿ ಎಷ್ಟು ಸಾವಿರ ವರ್ಷ ಹಳೆಯದು, ಎಲ್ಲಿಂದ ಬಂತು ಎಲ್ಲ ತಿಳಿಯುತ್ತದೆ ಎಂದು ತನ್ನ ಹರಕು ತುಳುವಿನಲ್ಲಿ ವಿವರಿಸಿದ. ಅಜ್ಜಿ ಪೂರ್ತಿ ಕೇಳಿಸಿಕೊಂಡರು.

“ನನ್ನ ಅಪ್ಪೆ ಈ ಮನೆಯಲ್ಲಿ ಹುಟ್ಟಿದವಳಲ್ಲ” ಎಂದರು ಆಮೇಲೆ. ಮನೆಯಲ್ಲಿ ಹೆಣ್ಣುಸಂತತಿ ನಿಂತಿತ್ತು. ಬನಕ್ಕೆ ದೀಪ ಇಡಲು ಹೆಣ್ಣು ಬೇಕು ಎಂದು ಹಿರಿಯರು ಮೂಡುಬಿದಿರೆ ಕಡೆಯಿಂದ ಒಂದು ವರ್ಷದ ಕೂಸನ್ನು ತಂದರು. ನಾಗನ ಎದುರು ತಂದು ನಿಲ್ಲಿಸಿ, ಬರಿಗೆ ಸೇರಿಸಿದರು. ಯಾರ ಮಗು, ಯಾವ ಮನೆಯದು ಎಂದು ಹಿರಿಯರು ಹೇಳಲಿಲ್ಲ, ಅಪ್ಪೆ ಕೇಳಲಿಲ್ಲ.

ಹುಡುಗನ ಕೈ ಎಲೆಯ ಮೇಲೆ ಹಾಗೇ ನಿಂತಿತು. ಅವನ ತಾಯಿಗೂ ಇದು ಗೊತ್ತಿರಲಿಲ್ಲವೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅಜ್ಜಿ ಮಾತ್ರ ಸುಡುತ್ತಿದ್ದ ಇನ್ನೊಂದು ಗಟ್ಟಿಯ ಎಲೆ ಬಿಡಿಸಿ, ಅವನ ಬಾಳೆಲೆಗೆ ಹಾಕಿ, “ತಿನ್ಲ, ಬಿಸಿ ಇರುವಾಗಲೇ” ಎಂದರು.